ಮೂಗಿನಿಂದ ಬೇಟೆಯಾಡುವ ಮೀನಿನ ಊಟ

ಪಾಲಿಪ್ಟರಸ್ ಮೀನಿಗೆ ಕಣ್ಣು ಅಷ್ಟಕ್ಕಷ್ಟೇ. ಮೂತಿಯ ತುದಿಯಲ್ಲಿ ಎರಡು ಪುಟ್ಟ ಕೊಳವೆಗಳಾಗಿ ಚಾಚಿಕೊಂಡ ಮೂಗಿನ ಹೊಳ್ಳೆಗಳಿವೆಯಲ್ಲ, ಅದರ ಬೇಟೆಯೆಲ್ಲ ನಡೆಯುವುದು ಅವುಗಳ ನೆರವಿನಿಂದ. ಸಿಗಡಿಯ ತುಂಡೊಂದನ್ನು ಅದರ ಮುಂದೆ ಎರಡು ಅಂಗುಲ ದೂರದಲ್ಲಿ ಬೀಳಿಸಿ ನೋಡಿ. ಪಕ್ಕದಲ್ಲೇ ಹಾದು ಮುಂದೆ ಹೋಗುತ್ತದೆ. ಟ್ಯಾಂಕಿನ ಆ ತುದಿ ಮುಟ್ಟಿದ ಮೇಲೆ ವಾಸನೆ ಹತ್ತಿ, ಮೈ ತಿರುವಿ, ನೆಲ ಮೂಸುತ್ತ ಬಂದು, ಒಂದು ಬೆಣಚುಕಲ್ಲಿಗೆ ಬಾಯಿ ಹಾಕಿ ಉಗಿದು, ಕೊನೆಗೆ ತುಂಡನ್ನು ಕಚ್ಚುತ್ತದೆ. ಇಂಥ ಮೀನಿನ ತೊಟ್ಟಿಗೆ ಜೀವಂತ ಗೋಲ್ಡ್‌ಫಿಶ್‌ಗಳನ್ನು ಸುರಿದು, ಮನೆಮಂದಿಯನ್ನೆಲ್ಲ ಕರೆದು, ಮೊಬೈಲ್ ಹಿಡಿದು ನಿಲ್ಲುವವರಿದ್ದಾರೆ. ಬೇಟೆ ನಡೆಯುವುದು ದೀಪ ಆರಿಸಿ ಎಲ್ಲರೂ ಮಲಗಿದ ಮೇಲೆ. ಬೆಳಿಗ್ಗೆ ಎದ್ದಾಗ ಗೋಲ್ಡ್‌ಫಿಶ್‌ಗಳ ಎಣಿಕೆ ಕಡಿಮೆಯಾಗಿರುತ್ತದೆ, ಅಷ್ಟೇ.

ಬೇಟೆ ಮೀನು ಸಾಕುವವರು ಎಡವುವುದು ಹೆಚ್ಚಾಗಿ ಇಲ್ಲೇ. ಊಟವನ್ನು ನಮ್ಮ ಕಣ್ಣಿಗೆ ಹಬ್ಬವಾಗುವಂತೆ ಹಾಕುತ್ತೇವೆ. ಮೀನಿನ ಹೊಟ್ಟೆಯ ಲೆಕ್ಕ ಬೇರೆ, ಅದು ಈಜುವ ನೀರಿನ ಲೆಕ್ಕ ಇನ್ನೂ ಬೇರೆ. ಹಸಿವಿನಿಂದ ಸತ್ತ ಬೇಟೆ ಮೀನು ಅಪರೂಪ. ಅತಿಯಾಗಿ ತಿಂದು, ತಿಂದದ್ದರ ಕೊಳಕಿನಲ್ಲೇ ಉಸಿರಾಡಿ ಸತ್ತವು ಲೆಕ್ಕವಿಲ್ಲದಷ್ಟು.

ಅಂಗಡಿಗಳಲ್ಲಿ ‘ಮಾನ್‌ಸ್ಟರ್ ಫಿಶ್’ ಎಂಬ ಹಲಗೆಯ ಕೆಳಗೆ ಸಿಗುವ ಮೀನುಗಳ ಪಟ್ಟಿ ದೊಡ್ಡದು. ಅರೋವಾನಾ, ಅಲಿಗೇಟರ್ ಗಾರ್, ರೆಡ್‌ಟೇಲ್ ಕ್ಯಾಟ್‌ಫಿಶ್, ಡ್ಯಾಟ್ನಾಯ್ಡ್, ನೈಫ್ ಫಿಶ್, ಸಿಹಿನೀರಿನ ತೊರಕೆ, ಬಗೆಬಗೆಯ ಸ್ನೇಕ್‌ಹೆಡ್. ಕೊನೆಯದು ನಮ್ಮ ಕೆರೆಗಳ ಕುಚ್ಚುಮೀನಿನ, ತುಳುನಾಡಿನ ಮಡೆಂಜಿಯ ಬಳಗ. ನನ್ನ ಮಟ್ಟಿಗೆ ಹೇಳುವುದಾದರೆ, ಈ ಪಟ್ಟಿಯ ಬಹುಪಾಲು ಮೀನುಗಳಿಗೆ ಮನೆಯಲ್ಲಿ ಜಾಗವಿಲ್ಲ. ನಾಲ್ಕು ಅಂಗುಲದ ಗಾರ್ ಮರಿ ಬೆಳೆದು ಏಳೆಂಟು ಅಡಿ ಆಗಬಲ್ಲದು. ರೆಡ್‌ಟೇಲ್ ಮನುಷ್ಯನ ಎದೆಮಟ್ಟಕ್ಕೆ ಬರುತ್ತದೆ. ಅವನ್ನು ಮಾರುವಾಗ “ಟ್ಯಾಂಕ್ ಎಷ್ಟು ದೊಡ್ಡದೋ ಮೀನೂ ಅಷ್ಟೇ ಬೆಳೆಯುತ್ತೆ ಸಾರ್” ಎನ್ನುವ ಮಾತು ಶುದ್ಧ ಸುಳ್ಳು. ಇಕ್ಕಟ್ಟಿನಲ್ಲಿ ಮೀನು ಕುಗ್ಗಿ ನರಳುತ್ತದೆ, ಬೆನ್ನು ಡೊಂಕಾಗುತ್ತದೆ, ಬೇಗ ಸಾಯುತ್ತದೆ. ಸಾಧಾರಣ ಮನೆಯಲ್ಲಿ, ಸಾಧಾರಣ ಖರ್ಚಿನಲ್ಲಿ ಒಂದು ವಿಚಿತ್ರ ಬೇಟೆ ಮೀನನ್ನು ಅದರ ಆಯಸ್ಸಿನುದ್ದಕ್ಕೂ ಮರ್ಯಾದೆಯಿಂದ ಸಾಕಬಹುದಾದರೆ ಅದು ಪಾಲಿಪ್ಟರಸ್, ಅದರಲ್ಲೂ ಸೆನೆಗಲಸ್ ಜಾತಿ. ಅಂಗಡಿಯವರು ‘ಡೈನೋಸಾರ್ ಬಿಚಿರ್’ ಎಂದೋ ‘ಡ್ರ್ಯಾಗನ್ ಫಿಶ್’ ಎಂದೋ ಕರೆದು ಮಾರುವ ಬೂದುಬಣ್ಣದ ಮೀನು ಅದೇ. ಸಾಕುವವರ ಬಾಯಲ್ಲಿ ಬರೀ ‘ಪಾಲಿ’. ತೊಟ್ಟಿಯಲ್ಲಿ ಒಂದಡಿ ಆಸುಪಾಸು ಬೆಳೆದು ನಿಲ್ಲುತ್ತದೆ, ಹತ್ತು ವರ್ಷ ದಾಟಿ ಬದುಕುತ್ತದೆ. ಪಟ್ಟೆ ಚೆಂದವೆಂದು ಎಂಡ್ಲಿಕೇರಿ ಅಥವಾ ಆರ್ನೇಟ್ ಜಾತಿಯ ಮರಿ ತಂದರೆ ಎರಡಡಿಯ ಮೀನಿಗೆ ಈಗಲೇ ಜಾಗ ನೋಡಿಟ್ಟುಕೊಳ್ಳಬೇಕು.

ಈ ಮೀನಿನ ಚರಿತ್ರೆ ತುಸು ತಿಳಿದಿದ್ದರೆ ಅದಕ್ಕೆ ಏನು ಬೇಕೆಂಬುದು ಅರ್ಧ ತಿಳಿದಂತೆ. ಪಾಲಿಪ್ಟರಸ್‌ಗಳು ಆಫ್ರಿಕಾದ ನೈಲ್, ಕಾಂಗೋ, ನೈಜರ್ ನದಿಗಳ ಮತ್ತು ಚಾಡ್ ಸರೋವರದ ಕಡೆಯವು. ಮಳೆಗಾಲದಲ್ಲಿ ಉಕ್ಕಿ ಬಯಲಿಗೆ ಹರಡುವ, ಜೊಂಡು ತುಂಬಿದ, ಆಮ್ಲಜನಕ ಕಡಿಮೆಯಿರುವ ನೀರಿನವು. ನೆಪೋಲಿಯನ್ನನ ಜೊತೆ ಈಜಿಪ್ಟಿಗೆ ಹೋಗಿದ್ದ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಜೆಫ್ರಾ ಸೇಂತ್-ಇಲೇರ್ 1802ರಲ್ಲಿ ಇದನ್ನು ಮೊದಲು ವರ್ಣಿಸಿದ. ಬೆನ್ನ ಮೇಲೆ ಒಂದು ರೆಕ್ಕೆಯ ಬದಲು ಸಾಲಾಗಿ ಎದ್ದು ನಿಲ್ಲುವ ಬಿಡಿ ರೆಕ್ಕೆಗಳು, ಮೈಗೆ ಎನಾಮಲ್ಲಿನಂಥ ಗಟ್ಟಿ ಚೌಕ ಹುರುಪೆ, ಹೊಟ್ಟೆಯೊಳಗೆ ಜೋಡಿ ಶ್ವಾಸಕೋಶ, ಮರಿಗಳಿಗೆ ಕಪ್ಪೆಗೊದಮೊಟ್ಟೆಯ ಹಾಗೆ ಹೊರಗೆ ತೂಗುವ ಗರಿಗಿವಿರು. ಮೀನಿಗೂ ನೆಲದ ಪ್ರಾಣಿಗೂ ನಡುವಣ ಕೊಂಡಿ ಇದರ ಮೊಟ್ಟೆಯೊಳಗೆ ಸಿಕ್ಕೀತೆಂಬ ಆಸೆಯಿಂದ ಜಾನ್ ಸ್ಯಾಮ್ಯುಯೆಲ್ ಬಜೆಟ್ ಎಂಬ ಇಂಗ್ಲೆಂಡಿನ ತರುಣ ನಾಲ್ಕು ಸಲ ಆಫ್ರಿಕಾಕ್ಕೆ ಹೋದ. ನಾಲ್ಕನೆಯ ಸಲ, 1903ರಲ್ಲಿ, ನೈಜರ್ ನದಿಯ ಮುಖಜ ಪ್ರದೇಶದಲ್ಲಿ ಫಲಿತ ಮೊಟ್ಟೆಗಳು ಸಿಕ್ಕವು. ಅವನ್ನು ಇಂಗ್ಲೆಂಡಿಗೆ ತಂದು, ಅವುಗಳ ಚಿತ್ರ ಬರೆಯುತ್ತಿರುವಾಗಲೇ, ಆಫ್ರಿಕಾದಲ್ಲಿ ಅಂಟಿದ ಮಲೇರಿಯಾದ ಉಲ್ಬಣದಿಂದ 1904ರ ಜನವರಿಯಲ್ಲಿ ತೀರಿಕೊಂಡ. ಆಗ ಅವನಿಗೆ 31 ವರ್ಷ. ಅವನ ಸಾಮಗ್ರಿಯನ್ನು ಗೆಳೆಯ ಗ್ರಹಾಂ ಕೆರ್ ಮುಂದೆ ಪ್ರಕಟಿಸಿದ.

ಬಜೆಟ್ ಹುಡುಕಿದ ಪ್ರಶ್ನೆ ಇನ್ನೂ ತಣ್ಣಗಾಗಿಲ್ಲ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಮಿಲಿ ಸ್ಟ್ಯಾಂಡನ್ ಮತ್ತು ಸಂಗಡಿಗರು ಕೆನಡಾದಲ್ಲಿ ಸೆನೆಗಲಸ್ ಮರಿಗಳನ್ನು ಎಂಟು ತಿಂಗಳು ನೆಲದ ಮೇಲೆ, ತೇವ ಆರದಂತೆ ತುಂತುರು ಹಾಯಿಸುತ್ತ ಬೆಳೆಸಿದರು. ನೀರಿನಲ್ಲಿ ಬೆಳೆದವಕ್ಕಿಂತ ಇವು ತಲೆ ಎತ್ತಿ, ರೆಕ್ಕೆಗಳನ್ನು ಮೈಗೆ ಹತ್ತಿರ ಊರಿ, ಚೆನ್ನಾಗಿ ನಡೆದವು. ಭುಜದ ಮೂಳೆಗಳ ಆಕಾರವೂ ಬದಲಾಗಿತ್ತು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ, ಯಾರೂ ಗದ್ದಲ ಮಾಡದೆ ಬಿಟ್ಟರೆ ಈ ಮೀನು ಗಾಳಿಯನ್ನು ಬಹುಮಟ್ಟಿಗೆ ಬಾಯಿಂದಲ್ಲ, ನೆತ್ತಿಯ ಮೇಲಿನ ಎರಡು ಸೀಳುಗಳಿಂದ ಎಳೆದುಕೊಳ್ಳುತ್ತದೆಂದು ತೋರಿಸಿತು.

ಇದರಿಂದ ನಮ್ಮ ಟ್ಯಾಂಕಿಗೆ ಏನಾಗಬೇಕು? ಮೊದಲನೆಯದು, ನೀರಿನ ಮೇಲೆ ಮೂರು ನಾಲ್ಕು ಅಂಗುಲ ಗಾಳಿ ಬಿಡಬೇಕು. ತೊಟ್ಟಿಯನ್ನು ಅಂಚಿನವರೆಗೆ ತುಂಬಿ ಗಾಜು ಮುಚ್ಚುವಂತಿಲ್ಲ. ಎರಡನೆಯದು, ಮುಚ್ಚಳ. ನೆಲದ ಮೇಲೆ ನಡೆಯಬಲ್ಲ ಮೀನು ಹೊರಗೆ ಬರಲು ಹಿಂಜರಿಯುವುದಿಲ್ಲ. ಫಿಲ್ಟರ್ ಪೈಪಿಗೆಂದು ಮೂಲೆಯಲ್ಲಿ ಬಿಟ್ಟ ಕಿಂಡಿ ಸಾಕು, ತಲೆ ತೂರಿದರೆ ಮೈಯೂ ತೂರುತ್ತದೆ. ಕಿಂಡಿಗೆ ಸ್ಪಂಜು ತುರುಕಿ, ಮುಚ್ಚಳದ ಮೇಲೆ ಭಾರವಿಡಿ. ಮೂರನೆಯದು, ಇದು ನೆಲಕ್ಕಂಟಿ ಬದುಕುವ ಮೀನಾದ್ದರಿಂದ ಟ್ಯಾಂಕಿನ ಎತ್ತರಕ್ಕೆ ದುಡ್ಡು ಸುರಿಯುವುದು ದಂಡ. ಉದ್ದ ಅಗಲ ಮುಖ್ಯ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು ಒಂದೆರಡು ಸೆನೆಗಲಸ್‌ಗೆ ಒಪ್ಪುತ್ತದೆ. ಲೆಕ್ಕಕ್ಕೆ ಅದು ಒಂಬತ್ತು ಘನ ಅಡಿ, 255 ಲೀಟರ್. ಮೇಲಿನ ಗಾಳಿ, ಕೆಳಗಿನ ಮರಳು ಕಳೆದರೆ ನಿಜವಾದ ನೀರು 200 ಲೀಟರ್. ಗಾಜು, ಸ್ಟ್ಯಾಂಡ್ ಎಲ್ಲ ಸೇರಿ 300 ಕಿಲೋ ದಾಟುವ ಈ ಭಾರವನ್ನು ಗೋಡೆಗೆ ಒತ್ತಿ, ಸಾಧ್ಯವಾದರೆ ತೊಲೆಯ ಮೇಲೆ ಬರುವಂತೆ ಇಡಬೇಕು. ನೆಲಕ್ಕೆ ನಯವಾದ ಮರಳು ಅಥವಾ ಬಾಯಿಗೆ ಹಿಡಿಯದಷ್ಟು ದೊಡ್ಡ ಉರುಟು ಕಲ್ಲು. ನಡುಗಾತ್ರದ ಜಲ್ಲಿಯನ್ನು ಊಟದ ಜೊತೆ ನುಂಗಿಬಿಡುತ್ತದೆ. ಅಡಗಲು ಒಂದೆರಡು ಪಿವಿಸಿ ಪೈಪಿನ ತುಂಡು. ನೋಡಲು ಚೆಂದವಿಲ್ಲ, ಮೀನಿಗೆ ಅರಮನೆ.

ಇನ್ನು ಊಟ. ಜೀವಂತ ಮೀನೇ ಬೇಕು ಎನ್ನುವವರ ವಾದದಿಂದ ಶುರು ಮಾಡುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಮೊದಲು ಸಿಗುವ ಸಲಹೆ ಅದೇ. ಫೀಡರ್ ಎಂದು ಮಾರುವ ಗೋಲ್ಡ್‌ಫಿಶ್ ಇಕ್ಕಟ್ಟಾದ ತೊಟ್ಟಿಯಲ್ಲಿ, ನಾಲ್ಕು ದಿನ ಬದುಕಿದರೆ ಸಾಕೆಂಬಂತೆ ಇಟ್ಟ ಮೀನು. ಬಿಳಿಚುಕ್ಕೆ ರೋಗ, ಲಂಗರು ಹುಳ, ಕರುಳಿನ ಜಂತು, ಎಲ್ಲಕ್ಕೂ ಅದೇ ವಾಹನ. ಅದಕ್ಕಿಂತ ಸೂಕ್ಷ್ಮವಾದ ತೊಂದರೆ ಅದರ ಮಾಂಸದೊಳಗೇ ಇದೆ. ಗೋಲ್ಡ್‌ಫಿಶ್, ಸಾಮಾನ್ಯ ಗೆಂಡೆ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ತಿಂದವರ ಮೈಯ ಬಿ1 ಜೀವಸತ್ವವನ್ನು ಅದು ಒಡೆದುಹಾಕುತ್ತದೆ. ಇದು ಮೊದಲು ಗೊತ್ತಾದದ್ದು ಮೀನು ಸಾಕುವವರಿಗಲ್ಲ, ನರಿ ಸಾಕುವವರಿಗೆ. 1930ರ ದಶಕದಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ತುಪ್ಪುಳಕ್ಕಾಗಿ ನರಿ ಸಾಕುತ್ತಿದ್ದ ಚಾಸ್ಟೆಕ್ ಎಂಬಾತನ ಫಾರ್ಮಿನಲ್ಲಿ, ಹಸಿ ಗೆಂಡೆ ತಿಂದ ನರಿಗಳು ಕಾಲು ಸೋತು ಬಿದ್ದು ಸತ್ತವು. ಆ ರೋಗಕ್ಕೆ ಇಂದಿಗೂ ಅವನದೇ ಹೆಸರು. ಬೇಟೆ ಮೀನಿನಲ್ಲಿ ಇದು ತಿಂಗಳುಗಟ್ಟಲೆ ಕಾಣುವುದಿಲ್ಲ. ಆಮೇಲೆ ಊಟ ಬಿಡುತ್ತದೆ, ಓಲಾಡುತ್ತದೆ, ಮಗುಚುತ್ತದೆ. ಬೇಯಿಸಿದರೆ ಕಿಣ್ವ ಸಾಯುತ್ತದೆ, ಫ್ರೀಜರ್‌ನಲ್ಲಿಟ್ಟರೆ ಸಾಯುವುದಿಲ್ಲ. ಕರಾವಳಿಯವರು ಗಮನಿಸಬೇಕಾದ್ದು: ಮರುವಾಯಿಯಂಥ ಹಲವು ಚಿಪ್ಪುಜೀವಿಗಳಲ್ಲೂ ಇದೇ ಕಿಣ್ವವಿರುತ್ತದೆ. ಅಪರೂಪಕ್ಕೊಮ್ಮೆ ಸರಿ, ದಿನನಿತ್ಯಕ್ಕೆ ಬೇಡ.

ಜೀವಂತ ಆಹಾರವನ್ನೇ ಬೇಡುವ ಕೆಲವು ಮೀನುಗಳಿವೆ ಎನ್ನುವುದೂ ನಿಜ. ಎಲೆಯಂತೆ ತೇಲುತ್ತ ಹೊಂಚು ಹಾಕುವ ಲೀಫ್ ಫಿಶ್ ಅಲುಗದ್ದನ್ನು ಮುಟ್ಟಲು ತುಂಬ ಸತಾಯಿಸುತ್ತದೆ. ಅಂಥದ್ದನ್ನು ಸಾಕುವವರು ಬೇರೆ ತೊಟ್ಟಿಯಲ್ಲಿ ಗಪ್ಪಿ, ಮೋಲಿ ಬೆಳೆಸಿ, ಅವಕ್ಕೆ ಒಳ್ಳೆಯ ಆಹಾರ ಕೊಟ್ಟು ಆಮೇಲೆ ಹಾಕಬೇಕು. ಪಾಲಿಪ್ಟರಸ್‌ಗೆ ಆ ರಗಳೆಯೇ ಇಲ್ಲ. ವಾಸನೆ ಇದ್ದರೆ ಸಾಕು, ಜೀವ ಇರಬೇಕೆಂದಿಲ್ಲ.

ಅಂಗಡಿಯಿಂದ ತಂದ ಮೂರಂಗುಲದ ಮರಿಗೆ ಮೊದಲು ಕೊಡಬೇಕಾದ್ದು ಫ್ರೀಜರ್‌ನ ಬ್ಲಡ್‌ವರ್ಮ್, ಬಿಲ್ಲೆಬಿಲ್ಲೆಯಾಗಿ ಸಿಗುತ್ತದಲ್ಲ, ಅದು. ಒಂದು ಲೋಟ ಟ್ಯಾಂಕ್ ನೀರಿನಲ್ಲಿ ಕರಗಿಸಿ, ಬಸಿದು, ಹುಳು ಮಾತ್ರ ಹಾಕಿ. ಕರಗಿದ ಕೆಂಪು ನೀರನ್ನು ಸಿಂಕಿಗೆ ಚೆಲ್ಲಿ. (ಒಣಗಿಸಿದ ಬ್ಲಡ್‌ವರ್ಮ್ ಡಬ್ಬಿ ತೆರೆದಾಗ ಕೆಲವರಿಗೆ ಸೀನು, ಕಣ್ಣುರಿ ಬರುತ್ತದೆ. ಅದು ಅಲರ್ಜಿ, ನೆಗಡಿಯಲ್ಲ.) ಮರಿ ನಾಲ್ಕೈದು ಅಂಗುಲವಾಗುತ್ತಲೇ ಎರೆಹುಳ. ಇದಕ್ಕಿಂತ ಒಳ್ಳೆಯ ಆಹಾರ ಈ ಮೀನಿಗೆ ನನಗೆ ಗೊತ್ತಿಲ್ಲ. ಊಟ ಬಿಟ್ಟು ಮುನಿಸಿಕೊಂಡ ಪಾಲಿಯೂ ಎರೆಹುಳಕ್ಕೆ ಬಾಯಿ ತೆರೆಯುತ್ತದೆ. ನಮ್ಮ ರೈತರ ಎರೆಗೊಬ್ಬರದ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ ಇರುತ್ತವೆ. ಸಣ್ಣಗೆ ಕೆಂಪಗಿರುವ ಐಸೀನಿಯಾ, ಮತ್ತು ಉದ್ದಕ್ಕೆ ದಪ್ಪಕ್ಕೆ ನೇರಳೆ ಹೊಳಪಿನ ಯೂಡ್ರಿಲಸ್. ಐಸೀನಿಯಾವನ್ನು ಕೆಣಕಿದರೆ ಹಳದಿ ದ್ರವ ಬಿಡುತ್ತದೆ. ಅದರ ನಾತಕ್ಕೆ ಕೆಲವು ಮೀನುಗಳು ಬಾಯಿಗೆ ಹಾಕಿಕೊಂಡು ಉಗಿಯುತ್ತವೆ. ಯೂಡ್ರಿಲಸ್ ಕೇಳಿ ತನ್ನಿ. ಒಂದು ದಿನ ಒದ್ದೆ ಕಾಗದದ ಚೂರುಗಳಲ್ಲಿ ಬಿಟ್ಟರೆ ಹೊಟ್ಟೆಯ ಮಣ್ಣು ಖಾಲಿಯಾಗುತ್ತದೆ. ಔಷಧಿ ಹೊಡೆದ ತೋಟದ, ರಸ್ತೆಬದಿಯ ಹುಳ ಬೇಡ.

ದಿನದ ಆಹಾರಕ್ಕೆ ಸಿಗಡಿ, ಜಿಲೇಬಿ ಮೀನಿನ ಹೋಳು ಮತ್ತು ಮುಳುಗುವ ಪೆಲೆಟ್. ಸಿಗಡಿಯ ತಲೆಯ ಮುಳ್ಳು ತೆಗೆದು, ಮೀನಿನ ಬಾಯಿಯ ಅಗಲಕ್ಕೆ ಕತ್ತರಿಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜ್ ಮಾಡಿ, ಆಮೇಲೆ ಚೀಲಕ್ಕೆ ತುಂಬಿದರೆ ಬೇಕಾದಾಗ ಬೇಕಾದಷ್ಟೇ ಬರುತ್ತದೆ. ಚೀಲದ ಮೇಲೆ ‘ಮೀನಿಗೆ’ ಎಂದು ಬರೆಯಿರಿ, ಇಲ್ಲವಾದರೆ ಭಾನುವಾರದ ಸುಕ್ಕಕ್ಕೆ ಹೋಗುತ್ತದೆ. ಒಂದೆರಡು ವಾರ ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ಜಂತುಗಳು ಹೆಚ್ಚುಕಡಿಮೆ ಸಾಯುತ್ತವೆ, ಬ್ಯಾಕ್ಟೀರಿಯಾ ಸಾಯುವುದಿಲ್ಲ. ಆದ್ದರಿಂದ ಹಳಸಿದ ಸಿಗಡಿ ಫ್ರೀಜರ್ ಸೇರಿ ಹೊಸದಾಗುವುದಿಲ್ಲ. ಬೂತಾಯಿ, ಬಂಗುಡೆಯಂಥ ಎಣ್ಣೆಮೀನು ಹಾಕಿದರೆ ನೀರಿನ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ. ಮೇಲೆ ಬಂದು ಗಾಳಿ ಎಳೆಯುವ ಮೀನಿಗೆ ಅದು ಹಿತವಲ್ಲ. ಕೋಳಿಯ ಲಿವರ್, ಕುರಿಯ ಗುಂಡಿಗೆ ಹಾಕುವ ರೂಢಿ ನಮ್ಮಲ್ಲಿ ಬಲವಾಗಿದೆ. ಬಿಸಿರಕ್ತದ ಪ್ರಾಣಿಯ ಕೊಬ್ಬು ಟ್ಯಾಂಕಿನ ಉಷ್ಣತೆಯಲ್ಲಿ ಗಡುಸಾಗಿಯೇ ಉಳಿಯುತ್ತದೆ. ಮೀನು ಅದನ್ನು ಸರಿಯಾಗಿ ಅರಗಿಸಿಕೊಳ್ಳಲಾರದು, ಉಳಿದದ್ದು ಯಕೃತ್ತಿನ ಸುತ್ತ ಸೇರುತ್ತದೆ. ತಿಂಗಳಿಗೊಮ್ಮೆ, ಕೊಬ್ಬು ಬಿಡಿಸಿದ ಚೂರು ಕೊಟ್ಟರೆ ಆಕಾಶವೇನೂ ಬೀಳುವುದಿಲ್ಲ, ವಾರವಾರ ಬೇಡ.

ಪೆಲೆಟ್ಟಿನ ಬಗ್ಗೆ ಬೇಟೆ ಮೀನಿನ ಮಂದಿಗೆ ಒಂದು ತಾತ್ಸಾರವಿದೆ. ನನಗಿಲ್ಲ. ಒಳ್ಳೆಯ ಕಂಪನಿಯ ಮಾಂಸಾಹಾರಿ ಪೆಲೆಟ್ಟಿನಲ್ಲಿ ಜೀವಸತ್ವಗಳು ಅಳತೆಯಲ್ಲಿ ಸೇರಿರುತ್ತವೆ. ಬರೀ ಸಿಗಡಿ ತಿಂದ ಮೀನಿಗೆ ಅವು ಸಿಗುವುದಿಲ್ಲ. ಜೊತೆಗೆ, ಅಡುಗೆಮನೆಗೆ ಮೊಟ್ಟೆಯನ್ನೂ ಬಿಡದ ಮನೆಗಳ ಹಜಾರದಲ್ಲಿ ಬೇಟೆ ಮೀನಿನ ತೊಟ್ಟಿ ಇರುವುದು ಬೆಂಗಳೂರಿನಲ್ಲಿ ಸಾಮಾನ್ಯ. ಫ್ರಿಜ್ಜಿನಲ್ಲಿ ಸಿಗಡಿಗೆ ಜಾಗ ಸಿಗದ ಆ ಮನೆಗಳಲ್ಲಿ ಮೀನಿಗೂ ಮನೆಯ ಹಿರಿಯರಿಗೂ ರಾಜಿ ಮಾಡಿಸುವುದು ಪೆಲೆಟ್ಟೇ. ಪಟ್ಟಿಯಲ್ಲಿ ಮೀನಿನ ಪುಡಿ ಅಥವಾ ಸಿಗಡಿ ಪುಡಿ ಮೊದಲು ಬರಬೇಕು, ಗೋಧಿ ಆಮೇಲೆ. ಅಂಗಡಿಯವರು ದೊಡ್ಡ ಚೀಲದಿಂದ ತೂಗಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಡುವ ಬಿಡಿ ಪೆಲೆಟ್ ಕೊಳ್ಳಬೇಡಿ. ಗಾಳಿ ತಾಗಿದ ಮೇಲೆ ಸಿ ಜೀವಸತ್ವ ಬೇಗ ಹೋಗುತ್ತದೆ, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ.

ಪೆಲೆಟ್ ಮುಟ್ಟದ ಮೀನನ್ನು ಒಗ್ಗಿಸುವುದು ಕಷ್ಟವಲ್ಲ, ಸಾಕುವವರ ಕರುಳು ಗಟ್ಟಿಯಿರಬೇಕು. ಬೆಳೆದ, ಆರೋಗ್ಯವಂತ ಮೀನಿಗೆ ನಾಲ್ಕೈದು ದಿನ ಏನೂ ಹಾಕಬೇಡಿ. ಆಮೇಲೆ ಸಿಗಡಿ ಜಜ್ಜಿ ಹಿಂಡಿದ ರಸದಲ್ಲಿ ಪೆಲೆಟ್ ಎರಡು ನಿಮಿಷ ನೆನೆಸಿ, ದೀಪ ಆರಿದ ಮೇಲೆ, ಒಂದೆರಡು ಸಿಗಡಿ ಚೂರಿನ ಜೊತೆಗೇ ಬೀಳಿಸಿ. ವಾಸನೆ ಎರಡಕ್ಕೂ ಒಂದೇ ಆದ್ದರಿಂದ ನುಂಗುತ್ತದೆ. ಚೂರು ಕಡಿಮೆ ಮಾಡುತ್ತ ಹೋಗಿ. ಮರಿಗಳ ಮೇಲೆ ಈ ಉಪವಾಸ ಪ್ರಯೋಗಿಸುವಂತಿಲ್ಲ.

ಹಾಕುವ ಕ್ರಮ ಹೀಗೆ. ಪ್ರತಿ ಸಲವೂ ಒಂದೇ ಜಾಗ, ಒಂದೇ ಹೊತ್ತು, ಮುಸ್ಸಂಜೆ ಕಳೆದು. ಮುಕ್ಕಾಲಂಗುಲದ ಒಂದು ಪೈಪನ್ನು ಟ್ಯಾಂಕಿನ ಮೂಲೆಯಲ್ಲಿ ನೆಲದ ಹತ್ತಿರಕ್ಕೆ ಇಳಿಬಿಟ್ಟು ಅದರೊಳಗಿಂದ ಹಾಕಿದರೆ ಆಹಾರ ನೇರ ಕೆಳಗೆ ಬೀಳುತ್ತದೆ, ಮೇಲೆ ಈಜುವ ಚುರುಕು ಮೀನುಗಳು ದೋಚುವುದಿಲ್ಲ. ಉದ್ದನೆಯ ಇಕ್ಕುಳದಿಂದ ಬಾಯಿಗೇ ಕೊಡಬಹುದು. ಬೆರಳಿನಿಂದ ಬೇಡ. ಹಲ್ಲು ದೊಡ್ಡವಲ್ಲ, ಆದರೆ ಕಚ್ಚಿದ್ದನ್ನು ಬಿಡದೆ ಮೈ ತಿರುಚುವ ಅಭ್ಯಾಸ ಇದಕ್ಕಿದೆ. ಮುಕ್ಕಾಲು ಗಂಟೆಯ ನಂತರ ಟಾರ್ಚ್ ಹಾಕಿ, ಉಳಿದದ್ದನ್ನು ತೆಗೆಯಿರಿ. ಮರಿಗಳಿಗೆ ದಿನಾ, ಆರೇಳು ಅಂಗುಲ ದಾಟಿದ ಮೇಲೆ ದಿನ ಬಿಟ್ಟು ದಿನ, ಬೆಳೆದು ನಿಂತದ್ದಕ್ಕೆ ವಾರಕ್ಕೆ ಎರಡು ಮೂರು ಸಲ. ತಿಂದ ಮೇಲೆ ಹೊಟ್ಟೆ ತುಸು ಉಬ್ಬಿ, ಮರುದಿನದ ಹೊತ್ತಿಗೆ ಇಳಿಯಬೇಕು. ಮೂರನೆಯ ದಿನವೂ ಹೊಟ್ಟೆ ಗುಡಾಣವಾಗಿಯೇ ಇದ್ದರೆ ನೀವು ಹಾಕುವುದು ಹೆಚ್ಚಾಯಿತು.

ಈಗ ನೀರಿನ ಲೆಕ್ಕ. ಒಂದಡಿ ಹತ್ತಿರದ ಎರಡು ಪಾಲಿಗಳಿಗೆ ಒಂದು ಹೊತ್ತಿಗೆ ಹತ್ತು ಗ್ರಾಂ ಸಿಗಡಿ ಹಾಕಿದಿರಿ ಎನ್ನೋಣ. ಅದರಲ್ಲಿ ಪ್ರೋಟೀನ್ ಸುಮಾರು ಎರಡು ಗ್ರಾಂ. ಪ್ರೋಟೀನಿನ ಶೇ 16 ಸಾರಜನಕ. ಅದರ ಅರ್ಧಕ್ಕಿಂತ ತುಸು ಹೆಚ್ಚು ಭಾಗವನ್ನು ಮೀನು ಅಮೋನಿಯಾ ಮಾಡಿ ಹೊರಹಾಕುತ್ತದೆ, ಮುಖ್ಯವಾಗಿ ಕಿವಿರಿನಿಂದ. ಅಂದರೆ ಸುಮಾರು 0.18 ಗ್ರಾಂ ಸಾರಜನಕ ನಿಮ್ಮ 200 ಲೀಟರ್ ನೀರಿಗೆ ಸೇರಿತು. ಲೀಟರಿಗೆ 0.9 ಮಿಲಿಗ್ರಾಂ. ಫಿಲ್ಟರ್‌ನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೊಂದು ವಿಷವಲ್ಲದ ನೈಟ್ರೇಟ್ ಮಾಡುತ್ತವೆ. ಆಗ ಅದರ ತೂಕ ಲೀಟರಿಗೆ ನಾಲ್ಕು ಮಿಲಿಗ್ರಾಂ. ವಾರಕ್ಕೆ ಮೂರು ಊಟವಾದರೆ 12. ಪ್ರತಿ ವಾರ ಶೇ 40ರಷ್ಟು ನೀರು ಬದಲಿಸುತ್ತಿದ್ದರೆ ನೈಟ್ರೇಟ್ ಏರಿ ಏರಿ 30ರ ಹತ್ತಿರ ನಿಲ್ಲುತ್ತದೆ. ಅದು ನಿಭಾಯಿಸಬಹುದಾದ ಮಟ್ಟ. ಅದೇ ಹತ್ತು ಗ್ರಾಮನ್ನು ಪ್ರೀತಿ ಹೆಚ್ಚಾಗಿ ದಿನಾ ಹಾಕಿದರೆ, ಅಷ್ಟೇ ನೀರು ಬದಲಿಸಿದರೂ, 70ರ ಹತ್ತಿರಕ್ಕೆ ಏರುತ್ತದೆ. ಉಳಿದು ಕೊಳೆತ ಚೂರುಗಳ ಲೆಕ್ಕ ಇದರಲ್ಲಿ ಸೇರಿಲ್ಲ.

ಹೊಸ ಟ್ಯಾಂಕಿನಲ್ಲಿ ಆ ಬ್ಯಾಕ್ಟೀರಿಯಾಗಳೇ ಇರುವುದಿಲ್ಲ. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆದ್ದರಿಂದ ಮೊದಲು ಫಿಲ್ಟರ್ ಓಡಬೇಕು, ಮೀನು ಆಮೇಲೆ ಬರಬೇಕು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇನ್ನೊಂದು ಎಚ್ಚರ. ಅಮೋನಿಯಾದ ವಿಷ ನೀರಿನ ಪಿಎಚ್ ಮೇಲೆ ನಿಂತಿದೆ. 28 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದ ಶೇ 1ಕ್ಕೂ ಕಡಿಮೆ ಭಾಗ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಶೇ 6 ದಾಟುತ್ತದೆ. ಗಡಸು ಬೋರ್‌ವೆಲ್ ನೀರಿನ ಪಿಎಚ್ 8ರ ಸುತ್ತಮುತ್ತ ಇರುವುದೇ ಹೆಚ್ಚು. ಅದೇ ಊಟ, ಅದೇ ಮೀನು, ಅಪಾಯ ಹಲವು ಪಟ್ಟು. ಕಾವೇರಿ ನೀರಾದರೆ ಆ ಕಾಟ ಕಡಿಮೆ, ಕ್ಲೋರಿನ್ ಕಾಟ ಇದೆ. ‘ಆಂಟಿ ಕ್ಲೋರಿನ್’ ಹೆಸರಲ್ಲಿ ಮಾರುವ ಹೈಪೋ ಹಾಕದೆ ನೀರು ಸುರಿದರೆ ಮೀನಿನ ಕಿವಿರಿಗೂ ಫಿಲ್ಟರ್‌ನ ಬ್ಯಾಕ್ಟೀರಿಯಾಗಳಿಗೂ ಒಟ್ಟಿಗೇ ಪೆಟ್ಟು.

ಪಾಲಿಪ್ಟರಸ್ ಸಾಕುವವರು ಮೋಸ ಹೋಗುವುದೂ ಈ ನೀರಿನ ವಿಷಯದಲ್ಲೇ. ಬೇರೆ ಮೀನಾದರೆ ನೀರು ಕೆಟ್ಟಾಗ ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಇದಕ್ಕೆ ಶ್ವಾಸಕೋಶವಿದೆ, ಆಮ್ಲಜನಕ ಇಳಿದರೂ ಆರಾಮವಾಗಿ ಬಿದ್ದುಕೊಂಡಿರುತ್ತದೆ. “ಗಟ್ಟಿ ಮೀನು, ಏನೂ ಆಗಲ್ಲ” ಎಂಬ ಹೆಸರು ಬಂದದ್ದು ಹೀಗೆ. ಗಮನಿಸಬೇಕಾದ ಗುರುತು ಬೇರೆ. ನಿಮ್ಮ ಮೀನು ಸಾಮಾನ್ಯವಾಗಿ ಎಷ್ಟು ಹೊತ್ತಿಗೊಮ್ಮೆ ಮೇಲೆ ಬಂದು ಗುಟುಕು ಗಾಳಿ ತೆಗೆದುಕೊಳ್ಳುತ್ತದೆಂದು ಚೆನ್ನಾಗಿರುವಾಗಲೇ ನೋಡಿಟ್ಟುಕೊಳ್ಳಿ. ಆ ಓಡಾಟ ಹೆಚ್ಚಿದರೆ ಊಟ ನಿಲ್ಲಿಸಿ, ನೀರು ಪರೀಕ್ಷಿಸಿ. ಮೈಯನ್ನು ಕಲ್ಲಿಗೆ ಉಜ್ಜುತ್ತ, ಬೆಚ್ಚಿ ಬೆಚ್ಚಿ ಓಡುತ್ತಿದ್ದರೆ ಚರ್ಮಕ್ಕಂಟುವ ಚಪ್ಪಟೆ ಹುಳವಿರಬಹುದು. ಮ್ಯಾಕ್ರೋಗೈರೋಡ್ಯಾಕ್ಟೈಲಸ್ ಎಂಬ ಹುಳಗಳಲ್ಲಿ ಈ ಬಳಗಕ್ಕೆಂದೇ ಮೀಸಲಾದ ಜಾತಿಯೊಂದಿದೆ. ನದಿಯಿಂದ ಹಿಡಿದು ತಂದ ಮೀನುಗಳಲ್ಲಿ ಹೆಚ್ಚು. ಹೊಸ ಮೀನನ್ನು ಮೂರ್ನಾಲ್ಕು ವಾರ ಬೇರೆ ಇಟ್ಟೇ ಸೇರಿಸಬೇಕು. ಔಷಧಿಯನ್ನು ಅಂಗಡಿಯವರ ಕೈಯಳತೆಯಲ್ಲಿ ಸುರಿಯದೆ ಮೀನಿನ ಬಗ್ಗೆ ಬಲ್ಲ ಪಶುವೈದ್ಯರನ್ನು ಕೇಳಿ.

ಚಳಿಗಾಲದ ವಿಷಯ ಬೆಂಗಳೂರು, ಹಾಸನ, ಕೊಡಗಿನಂಥ ತಂಪು ಕಡೆಯವರಿಗೆ ಮಾತ್ರ. ಡಿಸೆಂಬರ್ ರಾತ್ರಿಗಳಲ್ಲಿ ಕೋಣೆಯೊಳಗಿನ ನೀರೂ 20-22 ಡಿಗ್ರಿಗೆ ಇಳಿಯುತ್ತದೆ. ಇದಕ್ಕೆ ಬೇಕಾದ್ದು 25ರಿಂದ 28. ಹೀಟರ್ ಹಾಕಿ, ಅದಕ್ಕೊಂದು ಜಾಲರಿ ಕವಚ ತೊಡಿಸಿ, ಏಕೆಂದರೆ ಮೀನು ಅದಕ್ಕೇ ಒರಗಿ ಮಲಗಿ ಮೈ ಸುಟ್ಟುಕೊಳ್ಳುತ್ತದೆ. ತಣ್ಣನೆ ನೀರಿನಲ್ಲಿ ಜೀರ್ಣಶಕ್ತಿ ಕುಗ್ಗುವುದರಿಂದ ಹೀಟರ್ ಕೆಟ್ಟ ದಿನ ಊಟಕ್ಕೂ ರಜೆ. ಮಂಗಳೂರು, ಕಾರವಾರದವರಿಗೆ ಈ ಖರ್ಚಿಲ್ಲ.

ಜೊತೆಗೆ ಯಾರನ್ನು ಬಿಡಬಹುದು? ಬಾಯಿಗೆ ಹಿಡಿಯುವುದೆಲ್ಲ ಊಟವೇ. ನಿಯಾನ್ ಟೆಟ್ರಾ, ಗಪ್ಪಿ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಇರುವುದಿಲ್ಲ. ಗಿರ್ಲು, ಚೇಳುಮೀನಿನಂಥ ಮುಳ್ಳಿನ ಮೀಸೆಮೀನುಗಳನ್ನಂತೂ ಬಿಡಲೇಬಾರದು. ನುಂಗುವಾಗ ಅವು ಪಕ್ಕದ ಮುಳ್ಳನ್ನು ಸೆಟೆಸುತ್ತವೆ, ಗಂಟಲಲ್ಲಿ ಸಿಕ್ಕಿ ಎರಡೂ ಸಾಯುತ್ತವೆ. ಗಾಜಿನ ಪಾಚಿ ತಿನ್ನಲೆಂದು ಬಿಡುವ ಸಕ್ಕರ್ ಮೀನು ರಾತ್ರಿ ಪಾಲಿಯ ಮೈಗೆ ಅಂಟಿ ಲೋಳೆ ಹೆರೆಯುತ್ತದೆ. ಅಲುಗದೆ ಬಿದ್ದಿರುವ ಮೀನಿಗೆ ಅದರಿಂದ ಹುಣ್ಣಾಗುತ್ತದೆ. ನಡುನೀರಿನಲ್ಲಿ ಈಜುವ, ಅಂಗೈಯಷ್ಟು ಅಗಲದ ಸಿಲ್ವರ್ ಡಾಲರ್, ಟಿನ್‌ಫಾಯಿಲ್ ಬಾರ್ಬ್ ಒಳ್ಳೆಯ ನೆರೆಯವರು; ಅವು ಗುಂಪಿನಲ್ಲಿ ಬದುಕುವವಾದ್ದರಿಂದ ಟ್ಯಾಂಕು ಇನ್ನೂ ದೊಡ್ಡದಿರಬೇಕು.

ಬೇಸರ ಬಂದಾಗ ಏನು ಮಾಡಬೇಕೆಂಬುದನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ಕೆರೆಗೆ ಬಿಡುವುದು ಪುಣ್ಯವಲ್ಲ. 2018ರ ಪ್ರವಾಹದ ನಂತರ ಕೇರಳದ ಚಾಲಕುಡಿ ಹೊಳೆಯಲ್ಲಿ ದಕ್ಷಿಣ ಅಮೆರಿಕದ ಅರಪೈಮಾ ಬಲೆಗೆ ಬಿತ್ತು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಸಿಕ್ಕಿತು. ಎರಡೂ ಯಾರೋ ಸಾಕಿದವೇ ಇರಬೇಕು, ತಾವಾಗಿ ಸಮುದ್ರ ದಾಟಿ ಬರುವಂಥವಲ್ಲ. ಸಕ್ಕರ್ ಮೀನು ಈಗಾಗಲೇ ದೇಶದ ಹಲವು ಕೆರೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. ಸಾಕಲಾಗದಿದ್ದರೆ ಬೇರೆ ಹವ್ಯಾಸಿಗೆ ಕೊಡಿ, ಅಂಗಡಿಗೆ ಹಿಂದಿರುಗಿಸಿ. ಕಾನೂನಿನ ಮಾತೂ ಇದೆ. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು 2022ರ ತಿದ್ದುಪಡಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ತಂದಿತು. 2024ರ ನಿಯಮಗಳ ಪ್ರಕಾರ ಅವನ್ನು ಸಾಕುವವರು ಕೇಂದ್ರದ ಪರಿವೇಶ್ ಪೋರ್ಟಲ್ ಮೂಲಕ ನೋಂದಾಯಿಸಬೇಕು. ಏಷ್ಯನ್ ಅರೋವಾನಾ ಆ ಪಟ್ಟಿಯಲ್ಲಿದೆ. ಕಾಗದಪತ್ರ, ಮೈಯೊಳಗಿನ ಚಿಪ್ ಇಲ್ಲದೆ ಕೊಳ್ಳುವುದು ತೊಂದರೆ ತಂದುಕೊಂಡಂತೆ. ಪಾಲಿಪ್ಟರಸ್ ಪಟ್ಟಿಯಲ್ಲಿಲ್ಲ.

ದಸರೆಗೋ ಬೇಸಿಗೆ ರಜೆಗೋ ಊರಿಗೆ ಹೊರಟಾಗ “ಮೀನಿಗೆ ಯಾರು ಊಟ ಹಾಕುತ್ತಾರೆ” ಎಂಬ ಚಿಂತೆ ಎಲ್ಲ ಮನೆಯಲ್ಲೂ ಏಳುತ್ತದೆ. ಬೆಳೆದ ಪಾಲಿಗೆ ಎಂಟು ಹತ್ತು ದಿನದ ಉಪವಾಸ ಏನೇನೂ ಅಲ್ಲ. ಹೊರಡುವ ಎರಡು ದಿನ ಮೊದಲು ಕೊನೆಯ ಊಟ ಹಾಕಿ. ಹೊರಡುವ ಹಿಂದಿನ ದಿನ ಅರ್ಧ ನೀರು ಬದಲಿಸಿ, ಫಿಲ್ಟರ್ ಓಡುತ್ತಿದೆಯೇ ನೋಡಿ, ಪೈಪಿನ ಕಿಂಡಿಗೆ ಸ್ಪಂಜು ಗಟ್ಟಿಯಾಗಿದೆಯೇ ಮುಟ್ಟಿ ನೋಡಿ. ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಡಿ, ಪೆಲೆಟ್ ಡಬ್ಬಿ ಕೊಡಬೇಡಿ. ಪಾಪ ಹಸಿದಿರುತ್ತದೆಂದು ಅವರು ಒಂದು ಹಿಡಿ ಹಾಕಿಯೇ ಹಾಕುತ್ತಾರೆ. ಡಬ್ಬಿಯನ್ನು ಬೀರುವಿನಲ್ಲಿಟ್ಟು, ಕರೆಂಟ್ ಹೋಗಿ ಬಂದಾಗ ಮೋಟಾರ್ ತಾನಾಗಿ ಶುರುವಾಯಿತೇ ಎಂದು ದಿನಕ್ಕೊಮ್ಮೆ ಇಣುಕಿ ನೋಡುವಂತೆ ಮಾತ್ರ ಹೇಳಿ ಹೋಗಿ.